ಆಟೋ ಗೇರ್ ಕಿತ್ತು ಮ್ಯಾನುವಲ್ ಹಾಕಿಸೋದಾ? ಪುಣೆಯಲ್ಲಿ ಲಾರಿ ಇಟ್ಟುಕೊಂಡವರಿಗೆ ಒಂದು ಲೆಕ್ಕ

ರಾತ್ರಿ ಎರಡೂವರೆಗೆ ಫೋನ್. "ಸಾವ್ಕಾರ್ರ, ಖಂಬಾಟಕಿ ಏರಿನ್ಯಾಗ ಗಾಡಿ ನಿಂತೈತ್ರಿ. ಗೇರ್ ತೊಗೊಳವಲ್ದು. ಮೀಟರ್‌ನ್ಯಾಗ ಬರೇ ಎನ್ ಅಂತ ಮಿಣುಕಾಕತ್ತೈತಿ." ಇಂಡಿ ಕಡೆಯ ಹುಡುಗ. ನಾಲ್ಕು ವರ್ಷದಿಂದ ನಮ್ಮ ಗಾಡಿ ಓಡಿಸುತ್ತಿದ್ದಾನೆ, ಸುಮ್ಮಸುಮ್ಮನೆ ಗಾಬರಿ ಆಗೋನಲ್ಲ. ಚಾಕಣದಲ್ಲಿ ಲೋಡ್ ಮಾಡಿಕೊಂಡು ಹುಬ್ಬಳ್ಳಿಗೆ ಹೊರಟಿದ್ದ. ಹಿಂದೆ ನಿಂತ ಗಾಡಿಗಳ ಹಾರ್ನ್ ಫೋನಲ್ಲೇ ಕೇಳುತ್ತಿತ್ತು.

ಭೋಸರಿಯಿಂದ ಕಾರು ತೆಗೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಸಲ ಈ ಆಟೋ ಗೇರ್ ಕಿತ್ತು ಬಿಸಾಕಿ, ಕ್ಲಚ್ ಪೆಡಲ್ಲು, ಗೇರ್ ಲಿವರ್ ಇರೋ ಹಳೇ ಪದ್ಧತಿಗೇ ಬಂದುಬಿಡೋದು. ವಾರದ ಹಿಂದಷ್ಟೇ ಒಂದು ಗ್ಯಾರೇಜಿನವನು "ಮೂರು ದಿನದ ಕೆಲಸ ಶೇಟ್, ಬಿಟ್ಟು ಹೋಗಿ" ಅಂದಿದ್ದ.

ಶಿರವಳದಲ್ಲಿ ಗೊತ್ತಿದ್ದ ಒಬ್ಬ ವಯಸ್ಸಾದ ಮಿಸ್ತ್ರಿಯನ್ನು ಎಬ್ಬಿಸಿಕೊಂಡು ಘಾಟ್ ಹತ್ತಿದೆ. ಆತ ಮೊದಲು ನೋಡಿದ್ದು ಗೇರ್‌ಬಾಕ್ಸ್ ಅಲ್ಲ, ಏರ್ ಗೇಜ್. ಮುಳ್ಳು ಕೆಳಗೆ ಬಿದ್ದಿತ್ತು. ಎಂಜಿನ್ ಚಾಲೂ ಇಟ್ಟು, ನೀರಿನ ಬಾಟಲಿಗೆ ಒಂದಿಷ್ಟು ಸೋಪಿನ ಪುಡಿ ಹಾಕಿ ಕುಲುಕಿ, ಗಾಡಿ ಕೆಳಗೆ ತೂರಿಕೊಂಡ. ಗೇರ್‌ಬಾಕ್ಸ್ ಮೇಲೆ ಕೂತು ಗಾಳಿಯ ಬಲದಿಂದ ಗೇರ್ ಬದಲಿಸೋ ಆಕ್ಚುಯೇಟರ್‌ಗೆ ಹೋಗುವ ಗಾಳಿ ಪೈಪಿನ ಜಾಯಿಂಟ್‌ಗಳ ಮೇಲೆ ಒಂದೊಂದಾಗಿ ಸೋಪಿನ ನೀರು ಬಿಟ್ಟ. ಮೂರನೇ ಜಾಯಿಂಟ್‌ನಲ್ಲಿ ನೊರೆ ಬುಸಬುಸ ಎದ್ದಿತು. ಟಾರ್ಚ್ ಬೆಳಕಲ್ಲಿ ಚಿಕ್ಕ ಮಕ್ಕಳ ಗುಳ್ಳೆ ಆಟದ ಥರ. ಪೈಪಿನ ತುದಿ ಕತ್ತರಿಸಿ, ಒಂದು ಓ-ರಿಂಗ್ ಬದಲಾಯಿಸಿ, ಗಾಳಿ ತುಂಬೋವರೆಗೆ ಕಾದ. ಡಿಸ್‌ಪ್ಲೇಯಲ್ಲಿ 1 ಬಂತು. ಗಾಡಿ ಏರು ಹತ್ತಿತು.

ಆ ಗೇರ್‌ಬಾಕ್ಸನ್ನು ನಾನು ಅವತ್ತು ಹೆಚ್ಚುಕಡಿಮೆ ಗುಜರಿಗೆ ಹಾಕೋನಿದ್ದೆ. ಈಗ ನಮ್ಮವರು ಯಾರಾದರೂ "ಆಟೋ ತೆಗೆಸಿ ಮ್ಯಾನುವಲ್ ಮಾಡಿಸಬೇಕು" ಅಂತ ಫೋನ್ ಮಾಡಿದರೆ ಮೊದಲು ಆ ನೊರೆಯ ಕಥೆ ಹೇಳುತ್ತೇನೆ. ಆಮೇಲೆ ಲೆಕ್ಕಕ್ಕೆ ಕೂರುತ್ತೇನೆ. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮದು ಯಾವ ಆಟೋ?

ಎಲ್ಲಾ ಆಟೋ ಗೇರ್ ಒಂದೇ ಅಲ್ಲ. ಇದು ಗೊತ್ತಿಲ್ಲದೆ ಗ್ಯಾರೇಜಿಗೆ ಹೋದರೆ ಅವನು ಹೇಳಿದ್ದೇ ವೇದವಾಕ್ಯ.

ನಮ್ಮ ದೇಶದ ಆಟೋ ಲಾರಿಗಳಲ್ಲಿ ಜಾಸ್ತಿ ಇರೋದು ಎಎಂಟಿ, ಅಂದರೆ ಆಟೋಮೇಟೆಡ್ ಮ್ಯಾನುವಲ್ ಟ್ರಾನ್ಸ್‌ಮಿಷನ್. ಹೆಸರಿಗೆ ಆಟೋ. ಒಳಗಿರೋದು ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಡ್ರೈವರ್ ಕಾಲು ಮಾಡುವ ಕೆಲಸವನ್ನು ಒಂದು ಕ್ಲಚ್ ಆಕ್ಚುಯೇಟರ್, ಕೈ ಮಾಡುವ ಕೆಲಸವನ್ನು ಇನ್ನೊಂದು ಆಕ್ಚುಯೇಟರ್ ಮಾಡುತ್ತದೆ. ದೊಡ್ಡ ಗಾಡಿಗಳಲ್ಲಿ ಇವು ಸಾಮಾನ್ಯವಾಗಿ ಬ್ರೇಕಿನ ಗಾಳಿಯಿಂದಲೇ ನಡೆಯುತ್ತವೆ. ಯಾವಾಗ ಗೇರ್ ಬದಲಿಸಬೇಕು ಅನ್ನೋದನ್ನು ಒಂದು ಕಂಪ್ಯೂಟರ್ ಡಬ್ಬಿ ತೀರ್ಮಾನಿಸುತ್ತದೆ.

ಆದರೆ ಎಎಂಟಿಯಲ್ಲೂ ಎರಡು ಜಾತಿ. ಒಂದು, ಮ್ಯಾನುವಲ್ ಮಾಡೆಲ್‌ನಲ್ಲಿ ಬರುವ ಅದೇ ಗೇರ್‌ಬಾಕ್ಸಿನ ತಲೆ ಮೇಲೆ ಆಕ್ಚುಯೇಟರ್ ಕೂರಿಸಿದ್ದು. ಇನ್ನೊಂದು, ಹುಟ್ಟಿನಿಂದಲೇ ಆಟೋ ಅಂತ ತಯಾರಾದದ್ದು. ವೋಲ್ವೋದ 12 ಗೇರಿನ ಐ-ಶಿಫ್ಟ್ ಎರಡನೇ ಜಾತಿ. ಅದರ ಮುಖ್ಯ ಗೇರುಗಳಿಗೆ ಸಿಂಕ್ರೋ ರಿಂಗ್ ಇಲ್ಲ. ಎರಡು ಗೇರುಗಳ ವೇಗ ಸರಿಹೊಂದಿಸುವ ಕೆಲಸ ಕಂಪ್ಯೂಟರಿಂದು. ಅಂಥದಕ್ಕೆ ಲಿವರ್ ಹಾಕಿ ಕೈಯಲ್ಲಿ ಗೇರ್ ಹಾಕಲು ಹೋದರೆ, ನಮ್ಮ ಅಜ್ಜನ ಕಾಲದ ಲಾರಿಯಂತೆ ಡಬಲ್ ಕ್ಲಚ್ ಹೊಡೆದು, ಅಂದರೆ ಒಂದು ಗೇರಿಗೆ ಎರಡು ಸಲ ಕ್ಲಚ್ ತುಳಿದು, ಎಂಜಿನ್ ಸದ್ದು ಕೇಳಿ ಗೇರ್ ಕೂರಿಸಬೇಕಾಗುತ್ತದೆ. ಹಲ್ಲು ಕಡಿಯೋ ಸದ್ದು ಇಡೀ ಟ್ರಾನ್ಸ್‌ಪೋರ್ಟ್ ನಗರಕ್ಕೆ ಕೇಳಿಸುತ್ತೆ.

ಎಎಂಟಿ ಬಿಟ್ಟರೆ ಟಾರ್ಕ್ ಕನ್ವರ್ಟರ್ ಇರುವ ಪೂರ್ತಿ ಆಟೋಮ್ಯಾಟಿಕ್. ಇದರಲ್ಲಿ ಕ್ಲಚ್ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಕನ್ವರ್ಟರ್ ಇರುತ್ತದೆ. ಸಿಟಿ ಬಸ್ಸು, ಅಗ್ನಿಶಾಮಕ ಗಾಡಿ, ಗಣಿ ಟಿಪ್ಪರ್‌ಗಳಲ್ಲಿ ನೋಡಿರುತ್ತೀರಿ. ಚೆನ್ನೈ ಹತ್ತಿರದ ಒರಗಡಂನಲ್ಲಿ ಆಲಿಸನ್ ಕಂಪನಿಯ ಕಾರ್ಖಾನೆಯೇ ಇದೆ.

ಪತ್ತೆ ಮಾಡೋದು ಕಷ್ಟ ಏನಿಲ್ಲ. ಗೇರ್‌ಬಾಕ್ಸಿನ ಮೈಮೇಲೆ ಒಂದು ತಗಡಿನ ಪ್ಲೇಟ್ ಇರುತ್ತದೆ. ಗ್ರೀಸು, ಮಣ್ಣು ಉಜ್ಜಿ ಅದರ ಫೋಟೋ ತೆಗೆಯಿರಿ. ಆ ನಂಬರ್ ಹಿಡಿದುಕೊಂಡು ಪಾರ್ಟ್ಸ್ ಕೌಂಟರಿಗೆ ಹೋಗಿ, ಇದೇ ಬಾಕ್ಸು ಇದೇ ಎಂಜಿನ್ ಜೊತೆ ಮ್ಯಾನುವಲ್ ಮಾಡೆಲ್‌ನಲ್ಲಿ ಬರುತ್ತಾ ಅಂತ ಕೇಳಿ. ಹೌದು ಅಂದರೆ ಬದಲಾವಣೆಯ ಮಾತು ಮುಂದುವರಿಸಬಹುದು. ಇಲ್ಲ ಅಂದರೆ ನನ್ನ ಮಟ್ಟಿಗೆ ಆ ಮಾತು ಅಲ್ಲಿಗೇ ಮುಗೀತು.

ಮೊದಲ ದಾರಿ: ಇರೋದನ್ನೇ ರಿಪೇರಿ ಮಾಡಿಸೋದು

ಎಎಂಟಿ ಗಾಡಿ ಗೇರ್ ತೆಗೆದುಕೊಳ್ಳುತ್ತಿಲ್ಲ ಅಂದ ತಕ್ಷಣ ಗೇರ್‌ಬಾಕ್ಸ್ ಕೆಟ್ಟಿದೆ ಅಂತಲ್ಲ. ಗಾಳಿ ಕಡಿಮೆ ಇದ್ದರೂ ಗೇರ್ ಬೀಳಲ್ಲ. ಬ್ಯಾಟರಿ ವೋಲ್ಟೇಜ್ ಇಳಿದಿದ್ದರೂ ಅಷ್ಟೇ. ಅರ್ಥಿಂಗ್ ವೈರಿನ ಬೋಲ್ಟ್ ತುಕ್ಕು ಹಿಡಿದು ಡಬ್ಬಿ ತಲೆಕೆಟ್ಟು ಕೂತ ಗಾಡಿಯನ್ನೂ ನೋಡಿದ್ದೇನೆ. ಮಳೆಗಾಲದಲ್ಲಿ ಕಳಂಬೋಲಿ, ನ್ಹಾವಾ ಶೇವಾ ಕಡೆ ನೀರು ನಿಂತ ರಸ್ತೆಯಲ್ಲಿ ಓಡೋ ಗಾಡಿಗಳಿಗೆ ಕನೆಕ್ಟರ್ ಒಳಗೆ ನೀರು ಹೋಗೋದು ಮಾಮೂಲು. ಏರ್ ಡ್ರೈಯರ್ ಬದಲಿಸದೆ ವರ್ಷಗಟ್ಟಲೆ ಓಡಿಸಿದರೆ ಗಾಳಿ ಜೊತೆ ನೀರು, ಎಣ್ಣೆ ಸೇರಿ ಆಕ್ಚುಯೇಟರ್ ವಾಲ್ವ್ ಕಚ್ಚಿಕೊಳ್ಳುತ್ತದೆ. ಆಮೇಲೆ ಬೈಗುಳ ಮಾತ್ರ ಗೇರ್‌ಬಾಕ್ಸಿಗೆ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎಎಂಟಿ ಗಾಡಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿದ ಮೇಲೆ, ಲ್ಯಾಪ್‌ಟಾಪ್ ಹಚ್ಚಿ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಕಂಪ್ಯೂಟರಿಗೆ ಮತ್ತೆ ಕಲಿಸಬೇಕಾಗುತ್ತದೆ. ರಸ್ತೆ ಬದಿ ಮಿಸ್ತ್ರಿ ಪ್ಲೇಟ್ ಹಾಕಿ, ಇದನ್ನು ಮಾಡದೆ ಕಳಿಸಿದರೆ ಗಾಡಿ ಎತ್ತುವಾಗ ಕುದುರೆಯಂತೆ ನೆಗೆಯುತ್ತದೆ. ಮಾಲೀಕ "ಆಟೋ ಸಹವಾಸವೇ ಬೇಡ" ಅಂತಾನೆ. ನನಗೂ ಒಂದು ಸಲ ಹೀಗೇ ಆಯ್ತು. ಹದಿನೈದು ದಿನ ಹೀಗೆ ನೆಗೆದಾಡಿದ ಗಾಡಿಯನ್ನು ಬೇರೆ ವರ್ಕ್‌ಶಾಪಿನವನು ಲ್ಯಾಪ್‌ಟಾಪ್ ಹಚ್ಚಿ ಚಹಾ ಕುಡಿಯೋದರೊಳಗೆ ಸರಿ ಮಾಡಿದ.

ಡ್ರೈವರ್‌ನ ಅಭ್ಯಾಸ ಕೂಡ ಇದೆ. ಕ್ಲಚ್ ಪೆಡಲ್ ಇಲ್ಲ ಅಂದರೆ ಕ್ಲಚ್ಚೇ ಇಲ್ಲ ಅಂತ ತಿಳಿದವರು ಬಹಳ. ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಹಿಡಿಯದೆ ಎಕ್ಸಿಲೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡರೆ ಒಳಗೆ ಪ್ಲೇಟ್ ಅರ್ಧ ಹಿಡಿದು ಸುಡುತ್ತಿರುತ್ತದೆ. ಬೋರ್ ಘಾಟಿನ ಜಾಮ್‌ನಲ್ಲಿ ಬರುವ ಆ ಸುಟ್ಟ ವಾಸನೆ ಬರೀ ಮ್ಯಾನುವಲ್ ಗಾಡಿಗಳದ್ದು ಅಂದುಕೊಳ್ಳಬೇಡಿ.

"ಘಾಟ್ ಎಳೆಯಲ್ಲ, ಗೇರ್ ಮೇಲೆ ಕೆಳಗೆ ಮಾಡ್ತಾನೇ ಇರುತ್ತೆ" ಅನ್ನೋ ದೂರಿಗೆ ಒಂದು ಪುಕ್ಕಟೆ ಮದ್ದು ಇದೆ. ಹೆಚ್ಚಿನ ಎಎಂಟಿ ಗಾಡಿಗಳಲ್ಲಿ ಮ್ಯಾನುವಲ್ ಮೋಡ್ ಇರುತ್ತದೆ. ಲಿವರನ್ನು ಎಂ ಕಡೆ ತಳ್ಳಿ, ಪ್ಲಸ್ಸು ಮೈನಸ್ಸಿನಲ್ಲಿ ಗೇರ್ ನೀವೇ ಹಿಡಿದಿಟ್ಟುಕೊಳ್ಳಬಹುದು. ಏರು ಶುರುವಾಗೋ ಮುಂಚೆಯೇ ಒಂದು ಗೇರ್ ಇಳಿಸಿ, ಅದರಲ್ಲೇ ಹತ್ತಿಸಿ. ಗಾಡಿ ಬಿಚ್ಚಿಸೋ ಮುಂಚೆ ಡ್ರೈವರ್‌ಗೆ ಹೇಳಿ ಎರಡು ವಾರ ಹೀಗೆ ಓಡಿಸಿ ನೋಡಿ. ನಮ್ಮ ಹುಡುಗ ಈಗ ಖಂಬಾಟಕಿ ಶುರುವಾದ ಕೂಡಲೇ ಎಂಗೆ ಹಾಕುತ್ತಾನೆ, ಮೇಲೆ ಹೋಗಿ ತೆಗೆಯುತ್ತಾನೆ.

ರಿಪೇರಿ ಯಾವಾಗ ಬೇಡ? ಕಂಪ್ಯೂಟರ್ ಡಬ್ಬಿ ಅಥವಾ ಇಡೀ ಆಕ್ಚುಯೇಟರ್ ಹೋಗಿ, ಆ ಪಾರ್ಟ್ ಸಿಗೋದೇ ನಿಂತಿದ್ದರೆ. ಅಥವಾ ಸಿಕ್ಕರೂ ಅದರ ಬೆಲೆ ಗಾಡಿಯ ಈಗಿನ ಬೆಲೆಗೆ ಹೋಲಿಸಿದರೆ ಅತಿ ಅನ್ನಿಸಿದರೆ. ಹಳೇ ಮಾಡೆಲ್‌ಗಳಲ್ಲಿ ಹೀಗಾಗುತ್ತದೆ.

ಎರಡನೇ ದಾರಿ: ಎಎಂಟಿಯನ್ನು ಮ್ಯಾನುವಲ್ ಮಾಡೋದು

ಮೊದಲ ಜಾತಿಯ ಎಎಂಟಿ ಇದ್ದರೆ ಇದು ಆಗುವ ಕೆಲಸ. ಆದರೆ "ಆಕ್ಚುಯೇಟರ್ ಬಿಚ್ಚು, ಲಿವರ್ ಹಾಕು" ಅನ್ನೋಷ್ಟು ಸುಲಭ ಇಲ್ಲ. ಏನೇನು ಬೇಕು ಅಂತ ಗಾಡಿಯ ಮುಂದಿನಿಂದ ಹಿಂದಕ್ಕೆ ನೋಡುತ್ತಾ ಹೋಗೋಣ.

ಕ್ಯಾಬಿನ್‌ನಲ್ಲಿ ಕ್ಲಚ್ ಪೆಡಲ್ ಬೇಕು. ಎಷ್ಟೋ ಮಾಡೆಲ್‌ಗಳಲ್ಲಿ ಎರಡಕ್ಕೂ ಕ್ಯಾಬಿನ್ ತಗಡು ಒಂದೇ. ಮ್ಯಾಟ್ ಎತ್ತಿ ನೋಡಿದರೆ ಪೆಡಲ್ ಬರುವ ಜಾಗದಲ್ಲಿ ತೂತು ಇರುತ್ತೆ, ಮೇಲೊಂದು ಮುಚ್ಚಳ. ತೂತು ಇಲ್ಲ, ಗ್ಯಾಸ್ ಕಟರ್‌ನಿಂದ ಕತ್ತರಿಸಬೇಕು ಅಂದರೆ ಎರಡು ಸಲ ಯೋಚಿಸಿ. ಪೆಡಲ್ ತುಳಿದಾಗ ಎಲ್ಲಾ ಬಲ ಬೀಳೋದು ಆ ತಗಡಿನ ಮೇಲೆ. ಪೆಡಲ್ ಹಿಂದೆ ಮಾಸ್ಟರ್ ಸಿಲಿಂಡರ್, ಎಣ್ಣೆ ಪೈಪು, ಗೇರ್‌ಬಾಕ್ಸ್ ಬಳಿ ಕ್ಲಚ್ ಬೂಸ್ಟರ್. ಬೂಸ್ಟರ್‌ಗೆ ಗಾಳಿ ಕನೆಕ್ಷನ್. ಗೇರ್ ಲಿವರ್, ಅದರಿಂದ ಕೆಳಗೆ ಹೋಗುವ ಕೇಬಲ್ ಅಥವಾ ರಾಡು, ಗೇರ್‌ಬಾಕ್ಸಿನ ಮೇಲ್ಭಾಗದ ಮ್ಯಾನುವಲ್ ಟಾಪ್ ಕವರ್. ರಿಲೀಸ್ ಬೇರಿಂಗ್, ಫೋರ್ಕ್ ಎರಡಕ್ಕೂ ಒಂದೇ ಆಗಿರಬಹುದು, ಬೇರೆಯೂ ಇರಬಹುದು. ಪಾರ್ಟ್ ನಂಬರ್ ತಾಳೆ ನೋಡಲೇಬೇಕು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಪ್ರೆಶರ್ ಪ್ಲೇಟ್, ಕ್ಲಚ್ ಪ್ಲೇಟ್, ಫ್ಲೈವೀಲ್ ಮುಖ ನೋಡಿಬಿಡಿ. ಮತ್ತೆ ಇಳಿಸೋ ಖರ್ಚು ಉಳಿಯುತ್ತದೆ.

ಇಷ್ಟು ಕಬ್ಬಿಣದ ಕೆಲಸ. ನಮ್ಮ ಮಿಸ್ತ್ರಿಗಳು ಇದರಲ್ಲಿ ಗಟ್ಟಿ. ಭೋಸರಿ, ಚಿಂಚವಡದಲ್ಲಿ ಲೇಥ್ ಮೇಲೆ ಮಾಡದ ಪಾರ್ಟ್ ಇಲ್ಲ ಅಂತಾರೆ. ಸೋಲೋದು ವೈರಿಂಗ್‌ನಲ್ಲಿ.

ಎಂಜಿನ್ ಕಂಪ್ಯೂಟರಿಗೂ ಗೇರ್ ಕಂಪ್ಯೂಟರಿಗೂ ಸದಾ ಮಾತುಕತೆ ನಡೆಯುತ್ತಿರುತ್ತದೆ. ಗೇರ್ ಡಬ್ಬಿ ಕಿತ್ತರೆ ಎಂಜಿನ್ ಡಬ್ಬಿ ಅದನ್ನು ಹುಡುಕುತ್ತಾ ಕೂರುತ್ತದೆ. ಫೋನ್ ಎತ್ತದ ಮಗನ ತಾಯಿಯಂತೆ. ಮೀಟರಿನಲ್ಲಿ ಚೆಕ್ ಲೈಟ್ ಉರಿಯುತ್ತೆ, ಪಿಕಪ್ ಕಡಿಮೆ ಆಗುತ್ತೆ. ಕೆಲವು ಗಾಡಿ ಸ್ಟಾರ್ಟೇ ಆಗಲ್ಲ, ಯಾಕಂದರೆ ನ್ಯೂಟ್ರಲ್‌ನಲ್ಲಿದೆ ಅಂತ ಹೇಳೋರು ಇಲ್ಲ. ಮ್ಯಾನುವಲ್ ಮಾಡೆಲ್‌ನ ಪ್ರೋಗ್ರಾಂ ಎಂಜಿನ್ ಡಬ್ಬಿಗೆ ಹಾಕಿಸಬೇಕು. ನ್ಯೂಟ್ರಲ್ ಸ್ವಿಚ್, ರಿವರ್ಸ್ ಸ್ವಿಚ್, ಕ್ಲಚ್ ಸ್ವಿಚ್‌ಗೆ ವೈರ್ ಎಳೆಯಬೇಕು. ರಿವರ್ಸ್ ಸ್ವಿಚ್ ಮರೆತರೆ ಹಿಂದಿನ ಲೈಟೂ ಇಲ್ಲ, ಬಜರೂ ಇಲ್ಲ. ಕ್ಲಚ್ ಸ್ವಿಚ್ ಮರೆತರೆ ಕ್ರೂಸ್ ಕಂಟ್ರೋಲ್, ಎಕ್ಸಾಸ್ಟ್ ಬ್ರೇಕ್ ತಮಗೆ ತೋಚಿದಂತೆ ಆಡುತ್ತವೆ. ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್ ಬದಲಾದರೆ ಮೀಟರ್ ಕಿಲೋಮೀಟರ್ ತಪ್ಪು ತೋರಿಸುತ್ತದೆ.

ಹಳೇ ಹೊಗೆ ನಿಯಮದ ಬಿಎಸ್4 ಗಾಡಿಗಳಲ್ಲಿ ಈ ಕೆಲಸ ಹೇಗೋ ದಡ ಮುಟ್ಟುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳದ್ದು ಬೇರೆ ಕಥೆ. ಹೊಗೆ ನಿಯಂತ್ರಣ, ಯೂರಿಯಾ ಸಿಸ್ಟಂ, ಗೇರ್, ಬ್ರೇಕ್ ಎಲ್ಲಾ ಒಂದೇ ಜಾಲದಲ್ಲಿ ಕಟ್ಟಿಹಾಕಿಕೊಂಡಿವೆ. ಒಂದು ಎಳೆ ಎಳೆದರೆ ಇನ್ನೊಂದು ಬಿಚ್ಚುತ್ತದೆ. ಬಿಎಸ್6 ಗಾಡಿಗೆ "ವೈರ್ ಜೋಡಿಸಿ ಲೈಟ್ ಆಫ್ ಮಾಡಿಕೊಡ್ತೀನಿ" ಅನ್ನೋ ಮಿಸ್ತ್ರಿಗೆ ಕೈ ಮುಗಿದು ಎದ್ದು ಬನ್ನಿ.

ಪಾರ್ಟ್ಸ್ ಎಲ್ಲಿಂದ ತರೋದು? ಬಿಡಿಬಿಡಿಯಾಗಿ ಹೊಸದು ಕೊಂಡರೆ ಲೆಕ್ಕ ಮೀರುತ್ತದೆ. ಆ್ಯಕ್ಸಿಡೆಂಟ್ ಆಗಿ ಕಟಿಂಗ್‌ಗೆ ಬಂದ ಅದೇ ಮಾಡೆಲ್‌ನ ಮ್ಯಾನುವಲ್ ಗಾಡಿ ಸಿಕ್ಕರೆ ಅದೃಷ್ಟ. ಪೆಡಲ್ ಸೆಟ್ಟಿನಿಂದ ಹಿಡಿದು ವೈರಿಂಗ್ ಹಾರ್ನೆಸ್‌ವರೆಗೆ ಒಂದೇ ಗಾಡಿಯಿಂದ ಬಂದರೆ ಅರ್ಧ ತಲೆನೋವು ಕಡಿಮೆ. ಆದರೆ ಬಿಲ್ ತಗೊಳ್ಳಿ. ಬಿಲ್ ಇಲ್ಲದ ಗೇರ್‌ಬಾಕ್ಸು ಯಾರ ಗಾಡಿಯದ್ದೋ ಯಾರಿಗೆ ಗೊತ್ತು.

ಕಾಗದದ ಮಾತು

ಇದನ್ನು ಗ್ಯಾರೇಜಿನವನು ಹೇಳಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋದಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಗೇರ್ ಬದಲಾಯಿಸಿದ್ದು ಈ ಲೆಕ್ಕಕ್ಕೆ ಬರುತ್ತಾ? ಮಾಡೆಲ್ ಹೆಸರಲ್ಲೇ ಎಎಂಟಿ ಅಂತ ಇದ್ದರೆ, ಪೆಡಲ್ ಇರೋ ಗಾಡಿ ಕಂಡ ಇನ್‌ಸ್ಪೆಕ್ಟರ್ ಪ್ರಶ್ನೆ ಕೇಳೇ ಕೇಳ್ತಾನೆ. ಅದಕ್ಕೇ ಕೆಲಸ ಶುರು ಮಾಡೋ ಮುಂಚೆ ನಿಮ್ಮ ಆರ್‌ಟಿಒಗೆ ಅರ್ಜಿ ಬರೆದು, ಬರಹದಲ್ಲೇ ಉತ್ತರ ತಗೊಳ್ಳಿ. ಎಂಎಚ್ 12 ಆಗಲಿ, 14 ಆಗಲಿ, 46 ಆಗಲಿ, ನಿಮ್ಮ ಗಾಡಿ ಎಲ್ಲಿ ಪಾಸಿಂಗ್ ಆಗಿದೆಯೋ ಅಲ್ಲಿ. ಕೌಂಟರಲ್ಲಿ ಏಜೆಂಟ್ "ಏನಾಗಲ್ಲ ಸರ್" ಅಂದಿದ್ದು ಉತ್ತರ ಅಲ್ಲ.

ಲಾರಿಗೆ ಫಿಟ್‌ನೆಸ್ ಇದೆ ಅಲ್ವಾ. ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅಂದರೆ ಈ ಪ್ರಶ್ನೆ ಒಂದು ಸಲ ತಪ್ಪಿಸಿಕೊಂಡರೆ ಮುಗಿಯಲ್ಲ, ಮತ್ತೆ ಮತ್ತೆ ಎದುರಾಗುತ್ತದೆ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ನಾಳೆ ದೊಡ್ಡ ಆ್ಯಕ್ಸಿಡೆಂಟ್ ಆಗಿ ಸರ್ವೇಯರ್ ಬಂದಾಗ ಆ ಮೂರನೇ ಪೆಡಲ್ಲು ಅವನ ಕಣ್ಣಿಗೇ ಮೊದಲು ಬೀಳೋದು. ಸಾಲ ಇದ್ದರೆ ಬ್ಯಾಂಕಿಗೂ ಒಂದು ಪತ್ರ. ವಾರಂಟಿ ಇದ್ದರೆ ಅದರ ಆಸೆ ಬಿಡಿ.

ಮೂರನೇ ದಾರಿ: ಟಾರ್ಕ್ ಕನ್ವರ್ಟರ್ ತೆಗೆದು ಮ್ಯಾನುವಲ್

ಬೇಡ.

ಕಾರಣ ಹೇಳಿಬಿಡುತ್ತೇನೆ. ಕನ್ವರ್ಟರ್ ಜೊತೆ ಬರುವ ತೆಳು ಫ್ಲೆಕ್ಸ್ ಪ್ಲೇಟ್ ತೆಗೆದು ಫ್ಲೈವೀಲ್ ಹಾಕಬೇಕು. ಕ್ರ್ಯಾಂಕ್ ತುದಿಯಲ್ಲಿ ಪೈಲಟ್ ಬೇರಿಂಗ್ ಕೂರೋ ಜಾಗ ಬೇಕು, ಕೆಲವು ಎಂಜಿನ್‌ಗಳಲ್ಲಿ ಆ ಜಾಗವನ್ನು ತೋಡಿರೋದೇ ಇಲ್ಲ. ಬೆಲ್ ಹೌಸಿಂಗ್ ಬೇರೆ. ಹೊಸ ಬಾಕ್ಸಿನ ಉದ್ದ ಬೇರೆ, ಅದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಸರಿಯಾಗಿ ಬ್ಯಾಲೆನ್ಸ್ ಆಗದ ಶಾಫ್ಟ್ 60ರ ವೇಗದಲ್ಲಿ ಇಡೀ ಕ್ಯಾಬಿನ್ ನಡುಗಿಸುತ್ತದೆ. ಗೇರ್‌ಬಾಕ್ಸ್ ಹೊರುವ ಕ್ರಾಸ್ ಮೆಂಬರ್ ಬೇರೆ ಕಡೆ ಕೂರಿಸಬೇಕು. ಟಿಪ್ಪರ್ ಆದರೆ, ಹಿಂದಿನ ಡಾಲಾ (ಲೋಡ್ ತುಂಬೋ ತೊಟ್ಟಿ) ಎತ್ತೋಕೆ ಎಂಜಿನ್ ಬಲ ಕೊಡುವ ಪಿಟಿಒ ಹೊಸದಾಗಿ ಹೊಂದಿಸಬೇಕು, ಇಲ್ಲದಿದ್ದರೆ ಡಾಲಾ ಏಳಲ್ಲ.

ಇದೆಲ್ಲಾ ಮಾಡಿದರೂ ಒಂದು ಕೊರತೆ ಉಳಿಯುತ್ತೆ. ಗಾಡಿ ನಿಂತಲ್ಲಿಂದ ಏಳುವಾಗ ಕನ್ವರ್ಟರ್ ಎಂಜಿನ್ ಎಳೆತವನ್ನು ಸುಮಾರು ಎರಡು ಪಟ್ಟು ಮಾಡಿ ಕೊಡುತ್ತಿತ್ತು. ಹಿಂದಿನ ಡಿಫರೆನ್ಷಿಯಲ್ ಅನುಪಾತವನ್ನು ಅದಕ್ಕೇ ಹೊಂದಿಸಿರುತ್ತಾರೆ. ಅದನ್ನು ತೆಗೆದು ಮಾಮೂಲಿ ಕ್ಲಚ್ ಹಾಕಿದರೆ ಲೋಡ್ ಎತ್ತೋ ಭಾರ ಪೂರ್ತಿ ಕ್ಲಚ್ ಪ್ಲೇಟಿನ ಮೇಲೆ. ಕೊನೆಗೆ ಡಿಫರೆನ್ಷಿಯಲ್‌ಗೂ ಕೈ ಹಾಕಬೇಕಾಗುತ್ತದೆ. ಅಷ್ಟೊತ್ತಿಗೆ ನಿಮ್ಮ ಕೈಯಲ್ಲಿರೋದು ಯಾವ ಕಂಪನಿಯೂ ಮಾಡದ, ಯಾವ ಮಿಸ್ತ್ರಿಗೂ ಗೊತ್ತಿರದ ಗಾಡಿ.

ಗೋವಾದಲ್ಲಿರೋ ನಮ್ಮ ಮಾಮಾ ಒಬ್ಬರು ಪಿಕಪ್ ಬಗ್ಗೆ ಕೇಳಿದ್ದರು. ಮಾಪ್ಸಾದಿಂದ ಚೋರ್ಲಾ ಘಾಟ್ ಮೇಲೆ ಬೆಳಗಾವಿಗೆ ವಾರಕ್ಕೊಂದು ಸಲ ಓಡಾಡುತ್ತಾರೆ. "ತಿರುವಿನ್ಯಾಗ ಗೇರ್ ನನ್ನ ಕೈಯಾಗ ಇರ್ಬೇಕಪಾ" ಅನ್ನೋದು ಅವರ ಆಸೆ. ಹೈಲಕ್ಸ್, ವಿ-ಕ್ರಾಸ್ ಥರದ ಪಿಕಪ್‌ಗಳ ಆಟೋ ಕೂಡ ಟಾರ್ಕ್ ಕನ್ವರ್ಟರ್ ಜಾತಿಯದ್ದೇ. ನಾಲ್ಕು ಚಕ್ರಕ್ಕೂ ಎಳೆತ ಕೊಡೋ ಟ್ರಾನ್ಸ್‌ಫರ್ ಕೇಸ್ ಬೇರೆ ಜೊತೆಗೆ. ಬದಲಾಯಿಸೋ ತಂಟೆಗೆ ಹೋಗದೆ ಮಾರಿ ಮ್ಯಾನುವಲ್ ತಗೊಳ್ಳಿ ಮಾಮಾ ಅಂದೆ. ಎರಡೂ ಹೆಸರಲ್ಲಿ ಮ್ಯಾನುವಲ್ ಮಾಡೆಲ್ ಬಂದಿದೆ. ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಆಟೋಗೆ ಬೇಡಿಕೆ ಇದೆ, ನಷ್ಟ ಆಗಲ್ಲ.

ನಾಲ್ಕನೇ ದಾರಿ: ಕೊಟ್ಟು ಬೇರೆ ತಗೊಳ್ಳೋದು

ಲಾರಿಯಲ್ಲಿ ಈ ಮಾತು ಪಿಕಪ್ಪಿನಷ್ಟು ಸಲೀಸಲ್ಲ. ಎಎಂಟಿ ಲಾರಿ ಅಂದರೆ ಹಳೇ ಗಾಡಿ ವ್ಯಾಪಾರಿ ಮೂಗು ಮುರಿಯುತ್ತಾನೆ, ರೇಟು ಇಳಿಸುತ್ತಾನೆ. ಆದರೆ ಕೈಯಿಂದ ಬದಲಾಯಿಸಿದ ಗಾಡಿಗೆ ಅವನು ಇನ್ನೂ ಕಡಿಮೆ ಹೇಳುತ್ತಾನೆ. ಈ ಎರಡನೇ ಇಳಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ.

ನಾನು ಮಾಡೋ ಲೆಕ್ಕ ಇಷ್ಟು. ಒಂದು ಕಡೆ ಬದಲಾವಣೆಯ ಪೂರ್ತಿ ಖರ್ಚು: ಪಾರ್ಟ್ಸು, ಕೂಲಿ, ಪ್ರೋಗ್ರಾಂ, ಕಾಗದ, ಗಾಡಿ ನಿಂತ ದಿನಗಳ ಕಂತು ಮತ್ತು ಹೋದ ಬಾಡಿಗೆ. "ಮೂರು ದಿನ" ಅಂದರೆ ಮೂರು ವಾರ ಅಂತ ಬರೆದುಕೊಳ್ಳಿ. ಅದಕ್ಕೆ ಮಾರುವಾಗ ಆಗೋ ಇಳಿಕೆ ಸೇರಿಸಿ. ಇನ್ನೊಂದು ಕಡೆ ಈ ಗಾಡಿ ಇದ್ದ ಹಾಗೇ ಕೊಟ್ಟು, ಅದೇ ವಯಸ್ಸಿನ ಮ್ಯಾನುವಲ್ ಗಾಡಿ ತರಲು ಕೈಯಿಂದ ಹಾಕಬೇಕಾದ ದುಡ್ಡು. ಹೆಸರು ವರ್ಗಾವಣೆ, ಪರ್ಮಿಟ್ ಖರ್ಚೂ ಸೇರಲಿ. ಎರಡರ ನಡುವೆ ಅಂತರ ಸಣ್ಣದಾದರೆ ಕಣ್ಣು ಮುಚ್ಚಿ ಗಾಡಿ ಬದಲಾಯಿಸಿ. ಕಂಪನಿಯಿಂದಲೇ ಮ್ಯಾನುವಲ್ ಆಗಿ ಬಂದ ಗಾಡಿಗೆ ಸಾತಾರಾದಿಂದ ಹಾವೇರಿವರೆಗೆ ಎಲ್ಲಿ ನಿಂತರೂ ಮಿಸ್ತ್ರಿ ಸಿಗುತ್ತಾನೆ.

ಗಾಡಿ ಎಲ್ಲಿ ಓಡುತ್ತೆ, ಯಾರು ಓಡಿಸ್ತಾರೆ

ನನ್ನ ಪ್ರಕಾರ ಗೇರ್ ಯಾವುದಿರಬೇಕು ಅಂತ ತೀರ್ಮಾನಿಸಬೇಕಾದ್ದು ಇಲ್ಲಿ. ನ್ಹಾವಾ ಶೇವಾ ಬಂದರಿನ ಗೇಟ್ ಮುಂದೆ ಕಂಟೇನರ್ ಸಾಲು, ವಾಶಿ ಮಾರ್ಕೆಟ್ಟು, ಚಾಕಣ ಚೌಕದ ಜಾಮು. ಇಂಥಲ್ಲಿ ದಿನವಿಡೀ ಹತ್ತಡಿ ಮುಂದೆ, ನಿಲ್ಲು, ಹತ್ತಡಿ ಮುಂದೆ. ಮ್ಯಾನುವಲ್ ಗಾಡಿಯ ಡ್ರೈವರ್‌ಗಳನ್ನು ಇಳಿಯುವಾಗ ನೋಡಿ, ಎಡಗಾಲು ಊರೋ ಮುಂಚೆ ಒಂದು ಗಳಿಗೆ ಬಾಗಿಲು ಹಿಡಿದು ನಿಂತಿರುತ್ತಾರೆ. ಅಂಥ ರೂಟಿನ ಗಾಡಿಯ ಆಟೋ ತೆಗೆದರೆ ಡ್ರೈವರ್ ಕೆಲಸ ಬಿಟ್ಟು ಹೋಗಬಹುದು. ಈಗ ಒಳ್ಳೇ ಡ್ರೈವರ್ ಸಿಗೋದು ಗೇರ್‌ಬಾಕ್ಸ್ ಸಿಗೋದಕ್ಕಿಂತ ಕಷ್ಟ.

ಉದ್ದದ ರಸ್ತೆ, ಪುಣೆ-ಬೆಂಗಳೂರು ಥರ, ಮತ್ತು ಡ್ರೈವರ್ ಹಳಬ, ಗಾಡಿ ಹಳೇದು ಅಂದರೆ ಮ್ಯಾನುವಲ್‌ಗೆ ಅರ್ಥ ಇದೆ. ಜಾಮ್ ಕಡಿಮೆ, ದಾರಿಯುದ್ದಕ್ಕೂ ರಿಪೇರಿ ಸುಲಭ. ಮೈಲೇಜ್ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಪಳಗಿದ ಕೈ ಆದರೆ ಮ್ಯಾನುವಲ್‌ನಲ್ಲಿ ಚೆನ್ನಾಗಿ ತೆಗೆಯುತ್ತೆ, ಹೊಸಬ ಆದರೆ ಎಎಂಟಿಯೇ ಮೇಲು.

ಮೈಲೇಜ್ ಅಂದ ಕೂಡಲೇ ಒಂದು ವಿಷಯ ಹೇಳದೆ ಇರೋಕಾಗಲ್ಲ. "ಮ್ಯಾನುವಲ್ ಇದ್ದರೆ ಇಳಿಜಾರಲ್ಲಿ ನ್ಯೂಟ್ರಲ್ ಹೊಡೆದು ಡೀಸೆಲ್ ಉಳಿಸ್ತೀನಿ" ಅನ್ನೋ ಡ್ರೈವರ್ ಇದ್ದರೆ ಅವನ ಗಾಡಿಯಲ್ಲಿ ಆಟೋ ಹಾಗೇ ಇರಲಿ. ಗೇರ್‌ನಲ್ಲೇ ಇದ್ದು ಎಕ್ಸಿಲೇಟರ್ ಬಿಟ್ಟರೆ ಇವತ್ತಿನ ಕಾಮನ್ ರೈಲ್ ಎಂಜಿನ್ ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಸುಮ್ನೆ ಓಡೋಕೂ ಡೀಸೆಲ್ ಬೇಕು. ಇಡೀ ಲೋಡಿನ ಭಾರ ಬ್ರೇಕ್ ಮೇಲೆ ಬೀಳುತ್ತದೆ. ಎಂಜಿನ್ನೇ ಆಫ್ ಮಾಡಿದರೆ ಕಂಪ್ರೆಸರ್ ನಿಂತು ಬ್ರೇಕಿನ ಗಾಳಿಯೂ ಹೋಗುತ್ತದೆ. ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆವರೆಗಿನ ಇಳಿಜಾರು ಪುಣೆಯವರಿಗೆಲ್ಲ ಗೊತ್ತು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಹಿಡಿತ ತಪ್ಪಿದ ಒಂದೇ ಗಾಡಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಆ ಇಳಿಜಾರಿನಲ್ಲಿ ಹೋಗುವಾಗ ನಮ್ಮ ಡ್ರೈವರ್‌ಗಳಿಗೆ ನಾನು ಫೋನ್ ಮಾಡಲ್ಲ, ಅವರೂ ಎತ್ತಲ್ಲ.

ಆದರೂ ಮಾಡಿಸ್ತೀನಿ ಅಂದರೆ

ಗಾಡಿ ಬಿಎಸ್4, ಬಾಕ್ಸು ಮೊದಲ ಜಾತಿಯದ್ದು, ಆಕ್ಚುಯೇಟರ್ ಸಿಗುತ್ತಿಲ್ಲ, ಆರ್‌ಟಿಒ ಉತ್ತರ ಕೈಯಲ್ಲಿದೆ, ಇನ್ನೂ ನಾಲ್ಕೈದು ವರ್ಷ ಇದೇ ಗಾಡಿ ಓಡಿಸ್ತೀನಿ. ಇಷ್ಟೂ ಇದ್ದರೆ ನಾನೂ ಬೇಡ ಅನ್ನಲ್ಲ. ನಮ್ಮ ಪರಿಚಯದವರೊಬ್ಬರು ಹೀಗೆ ಮಾಡಿಸಿ ಸುಖವಾಗಿದ್ದಾರೆ. ಅವರು ಗ್ಯಾರೇಜ್ ಆರಿಸಿದ ರೀತಿ ನನಗೆ ಹಿಡಿಸಿತು. ರೇಟ್ ಕೇಳಲಿಲ್ಲ. "ಮುಂಚೆ ಮಾಡಿರೋ ಗಾಡಿ ತೋರಿಸಿ" ಅಂದರು. ಎರಡು ಕಡೆ ಗ್ಯಾರೇಜಿನವರು ಮಾತು ಬದಲಾಯಿಸಿದರು. ಮೂರನೇ ಕಡೆಯವನು ಒಬ್ಬ ಡ್ರೈವರ್ ನಂಬರ್ ಕೊಟ್ಟ. ಆ ಡ್ರೈವರ್ ಜೊತೆ ಒಂದು ಟ್ರಿಪ್ ಕೂತು ಹೋಗಿ ಬಂದು, ಆಮೇಲೆ ಗಾಡಿ ಬಿಟ್ಟರು.

ದುಡ್ಡನ್ನು ಮೂರು ಕಂತು ಮಾಡಿ. ಕಿತ್ತ ಪಾರ್ಟ್ಸ್ ಎಲ್ಲಾ ಗೋಣಿಚೀಲದಲ್ಲಿ ಕಟ್ಟಿ ವಾಪಸ್ ತಗೊಳ್ಳಿ. ಸರಿಯಿರುವ ಆಕ್ಚುಯೇಟರ್, ಡಬ್ಬಿಗೆ ಗಿರಾಕಿ ಇದ್ದಾರೆ. ಮುಂದೆ ಯಾವತ್ತಾದರೂ ಆರ್‌ಟಿಒ ತಕರಾರು ತೆಗೆದರೆ ಮೊದಲಿನಂತೆ ಮಾಡೋಕೂ ಅದೇ ಬೇಕು. ಹಳೇ ವೈರ್ ಕತ್ತರಿಸಬಾರದು, ಕನೆಕ್ಟರ್ ಬಿಚ್ಚಿ ಮುಚ್ಚಿ ಕಟ್ಟಿಡಬೇಕು ಅಂತ ಮೊದಲೇ ಹೇಳಿ.

ಕೊನೇ ಕಂತನ್ನು ಗ್ಯಾರೇಜಿನ ಅಂಗಳದಲ್ಲಿ ಕೊಡಬೇಡಿ. ಖಾಲಿ ಗಾಡಿ ಎಲ್ಲಾ ಚೆನ್ನಾಗೇ ಓಡುತ್ತದೆ. ಲೋಡ್ ಹಾಕಿ, ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಂಬಾಟಕಿ ಹತ್ತಿಸಿ. ಏರಿನ ಮಧ್ಯೆ ಜಾಗ ನೋಡಿ ಒಮ್ಮೆ ನಿಲ್ಲಿಸಿ, ಮತ್ತೆ ಎತ್ತಿ. ಕ್ಲಚ್ ವಾಸನೆ ಬರುತ್ತಾ, ಗೇರ್ ಬಿಟ್ಟುಕೊಂಡು ನ್ಯೂಟ್ರಲ್‌ಗೆ ಹಾರುತ್ತಾ ನೋಡಿ. ಸ್ಪೀಡ್ ಮೀಟರನ್ನು ಮೊಬೈಲ್ ಜಿಪಿಎಸ್ ಜೊತೆ ತಾಳೆ ಮಾಡಿ. ರಿವರ್ಸ್ ಹಾಕಿ ಲೈಟು, ಬಜರ್ ನೋಡಿ. ಎಕ್ಸಾಸ್ಟ್ ಬ್ರೇಕ್ ಹಾಕಿ ಬಿಡಿ. ಮೇಲೆ ಹೋದ ಮೇಲೆ ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ, ಚೆಕ್ ಲೈಟ್ ಉರಿಯುತ್ತಾ ನೋಡಿ. ಆಮೇಲೆ ಒಂದು ಬಾಟಲಿ ಸೋಪಿನ ನೀರು ತಗೊಂಡು, ಹೊಸ ಬೂಸ್ಟರಿನ ಜಾಯಿಂಟ್‌ಗಳ ಮೇಲೆ ನೀವೇ ಬಿಡಿ. ನೊರೆ ಏಳದಿದ್ದರೆ ಉಳಿದ ದುಡ್ಡು ಕೊಡಿ.